ಸರಾತೊವದ ಸೆರೆಯಾಳು

ಸಮಾಂತರ ರೇಖೆಗಳನ್ನು ಎಷ್ಟು ದೂರ ಬೆಳೆಸಿದರೂ ಅವು ಒಂದನ್ನೊಂದು ಸಂಧಿಸುವುದಿಲ್ಲವೆಂಬ ಮಾತನ್ನು ಶಾಲೆಯ ಕಪ್ಪುಹಲಗೆಯ ಮುಂದೆ ಕುಳಿತು ಬಾಯಿಪಾಠ ಮಾಡಿದವರೇ ನಾವೆಲ್ಲರೂ. ಪಾಠ ಮುಗಿಸಿ ಹೊರಟವನು ರೈಲುದಾರಿಯ ಬಳಿ ನಿಂತು ನೋಡಿದರೆ ಅವನ ಕಣ್ಣು ಬೇರೆಯೇ ಸಾಕ್ಷಿ ಹೇಳುತ್ತದೆ. ಎರಡು ಕಂಬಿಗಳೂ ದೂರ ಸರಿದಷ್ಟೂ ಹತ್ತಿರ ಹತ್ತಿರ ಬಂದು, ದಿಗಂತದಲ್ಲಿ ಒಂದೇ ಚುಕ್ಕೆಯಾಗಿ ಕೂಡಿಹೋಗುತ್ತವೆ. ಕಣ್ಣು ಸುಳ್ಳು, ಪುಸ್ತಕ ನಿಜ ಎಂದು ನಾವು ತಲೆದೂಗಿ ಸುಮ್ಮನಾದೆವು. ಸುಮ್ಮನಾಗದವರು ಕೆಲವರಿದ್ದರು. ಕಂಬಿಗಳು ಕೂಡುವ ಆ ಎಡೆಯನ್ನೂ ಒಂದು ಬಿಂದುವೆಂದೇ ಎಣಿಸೋಣ, ಪ್ರತಿಯೊಂದು ರೇಖೆಗೂ ಅಂಥದೊಂದು ಬಿಂದುವನ್ನು ಸೇರಿಸೋಣ, ಆಗ ರೇಖಾಗಣಿತ ಕೆಡುತ್ತದೆಯೋ ಹದಗೊಳ್ಳುತ್ತದೆಯೋ ನೋಡೋಣ ಎಂದವರು ಅವರು.

'ಅನಂತದಲ್ಲಿರುವ ಬಿಂದು' ಎಂಬ ಮಾತು ನಮ್ಮ ಭಾಷೆಯಲ್ಲಿ ಕೇಳುವಾಗಲೇ ವಿರೋಧಾಭಾಸದಂತೆ ತೋರುತ್ತದೆ. ಅಂತವಿಲ್ಲದುದು ಅನಂತ, ಅಂತವಿಲ್ಲದ ಕಡೆ ತಲುಪಿ ನಿಲ್ಲುವ ಒಂದು ಚುಕ್ಕೆ ಹೇಗೆ ಬಂದೀತು? ಅನಂತವು ನಮ್ಮ ಗಣಿತಕ್ಕೆ ಹೊಸದೇನಲ್ಲ. 12ನೆಯ ಶತಮಾನದ ಭಾಸ್ಕರಾಚಾರ್ಯನು ಸೊನ್ನೆಯಿಂದ ಭಾಗಿಸಿದ ರಾಶಿಯನ್ನು ಖಹರವೆಂದು ಕರೆದು, ಏನನ್ನು ಕೂಡಿಸಿದರೂ ಕಳೆದರೂ ಅದು ವಿಕಾರ ಹೊಂದದೆಂದು ಹೇಳಿ, ಅದನ್ನು ಅಚ್ಯುತನಿಗೆ ಹೋಲಿಸಿದನು. ಆದರೆ ಅದು ಸಂಖ್ಯೆಯ ಅನಂತ. ನಾನು ಇಲ್ಲಿ ಹೇಳಹೊರಟಿರುವುದು ಸ್ಥಾನದ ಅನಂತ. ಅದಕ್ಕೆ ರೇಖಾಗಣಿತದಲ್ಲಿ ಶಾಶ್ವತವಾದ ಮನೆ ಕಟ್ಟಿಕೊಟ್ಟ ಒಬ್ಬ ಸೈನಿಕನ ಕಥೆ. ಪ್ಯಾರಿಸಿನ ಐಫೆಲ್ ಗೋಪುರದ ಮೇಲೆ ಬರೆಸಿರುವ 72 ಹೆಸರುಗಳಲ್ಲಿ ಅವನದೂ ಒಂದು: ಝಾಂ ವಿಕ್ತೋರ್ ಪೋನ್ಸ್ಲೆ.

ಪೋನ್ಸ್ಲೆ 1788ನೆಯ ಇಸವಿ ಜುಲೈ 1ರಂದು ಫ್ರಾನ್ಸಿನ ಪೂರ್ವದ ಗಡಿಗೆ ಸಮೀಪದ ಮೆಟ್ಸ್ ನಗರದಲ್ಲಿ ಹುಟ್ಟಿದನು. ತಂದೆ ವಕೀಲ. ತಂದೆತಾಯಿಗಳಿಗೆ ಆಗ ವಿವಾಹವಾಗಿರಲಿಲ್ಲ. ಮಗುವಿಗೆ ತಂದೆಯ ಹೆಸರು ನ್ಯಾಯಬದ್ಧವಾಗಿ ದೊರೆತದ್ದು ಅನಂತರ. ಸಂತ್ ಆವೋಲ್ಡ್ ಎಂಬ ಸಣ್ಣ ಊರಿನ ಒಂದು ಕುಟುಂಬ ಅವನನ್ನು ಸಾಕಿತು. ಹದಿನಾರರ ವಯಸ್ಸಿನಲ್ಲಿ ಮೆಟ್ಸಿಗೆ ಮರಳಿ ಓದು ಮುಂದುವರಿಸಿ, 1807ರಲ್ಲಿ ಪ್ಯಾರಿಸಿನ ಎಕೋಲ್ ಪಾಲಿಟೆಕ್ನಿಕ್ ಎಂಬ ಪ್ರಖ್ಯಾತ ವಿದ್ಯಾಲಯವನ್ನು ಸೇರಿದನು. ಮಹಾಕ್ರಾಂತಿಯ ಕಾಲದಲ್ಲಿ ಸ್ಥಾಪಿತವಾದ ಆ ವಿದ್ಯಾಲಯದ ಪ್ರಾಣ ಗಾಸ್ಪಾರ್ ಮೊಂಜ್. ಘನವಸ್ತುವನ್ನು ಕಾಗದದ ಮೇಲೆ ಇಳಿಸುವ ಚಿತ್ರರೇಖಾಗಣಿತವನ್ನು ಒಂದು ಶಾಸ್ತ್ರವಾಗಿ ಮಾಡಿದವನು ಅವನು. ಸಮೀಕರಣಗಳ ಕಾಡಿನಲ್ಲಿ ಅಲೆಯುವುದಕ್ಕಿಂತ ಆಕೃತಿಯನ್ನು ಮನಸ್ಸಿನಲ್ಲಿ ನಿಲ್ಲಿಸಿ, ತಿರುಗಿಸಿ, ಕತ್ತರಿಸಿ ನೋಡುವುದನ್ನು ಶಿಷ್ಯರಿಗೆ ಕಲಿಸುತ್ತಿದ್ದನು. ಪೋನ್ಸ್ಲೆ ಆ ಪಾಠವನ್ನು ಪುಸ್ತಕದಲ್ಲಿ ಮಾತ್ರವೇ ಬರೆದುಕೊಳ್ಳದೆ ತಲೆಯಲ್ಲಿಯೂ ತುಂಬಿಕೊಂಡಿದ್ದನೆಂಬುದು ಮುಂದೆ ತಿಳಿಯಿತು.

ಮೈಗೆ ಅಷ್ಟೇನೂ ಸೌಖ್ಯವಿಲ್ಲದೆ ಒಂದು ವರ್ಷ ಹಿಂದೆ ಬಿದ್ದು, 1810ರಲ್ಲಿ ಅಲ್ಲಿಂದ ಹೊರಬಿದ್ದವನು ಮೆಟ್ಸಿನ ಸೈನಿಕ ಶಾಲೆಯಲ್ಲಿ ಎಂಜಿನಿಯರಿಂಗ್ ಕಲಿತನು. 1812ರ ಆರಂಭದಲ್ಲಿ ಹಾಲೆಂಡಿನ ಕಡಲಂಚಿನ ವಾಲ್ಖೆರೆನ್ ದ್ವೀಪದಲ್ಲಿ ಕೋಟೆ ಕಟ್ಟಿಸುವ ಕೆಲಸ. ಜೂನ್ ತಿಂಗಳಲ್ಲಿ ನೆಪೋಲಿಯನ್ನನ ಮಹಾಸೈನ್ಯವು ರಷ್ಯದ ಮೇಲೆ ನಡೆದಾಗ ಎಂಜಿನಿಯರ್ ದಳದ ಲೆಫ್ಟಿನೆಂಟನಾಗಿ ಪೋನ್ಸ್ಲೆಗೂ ಕರೆ ಬಂದಿತು.

ಆ ದಂಡಯಾತ್ರೆಯ ಕಥೆಯನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಮಾಸ್ಕೊವರೆಗೆ ಹೋದ ಸೈನ್ಯ, ಉರಿದ ಊರನ್ನು ಬಿಟ್ಟು ಚಳಿಗಾಲದ ಬಾಯಿಗೆ ಬಿದ್ದು ಹಿಂದಿರುಗಿತು. ನವೆಂಬರ್ ನಡುವಿನಲ್ಲಿ ಸ್ಮೊಲೆನ್ಸ್ಕಿನ ಹತ್ತಿರದ ಕ್ರಾಸ್ನೊಯ್ ಎಂಬಲ್ಲಿ ರಷ್ಯನರು ಅಡ್ಡಗಟ್ಟಿದರು. ಸೈನ್ಯದ ಹಿಂದಳವನ್ನು ಕಾಯುತ್ತಿದ್ದವನು ಮಾರ್ಷಲ್ ನೇ. ಪೋನ್ಸ್ಲೆ ಇದ್ದದ್ದು ಆ ಹಿಂದಳದಲ್ಲಿಯೇ. 18ರಂದು ನಡೆದ ಕಾಳಗದಲ್ಲಿ ಹಿಂದಳ ನುಚ್ಚುನೂರಾಯಿತು. ಬಿದ್ದವರೊಡನೆ ಪೋನ್ಸ್ಲೆಯನ್ನೂ ಸತ್ತವನೆಂದು ಬಗೆದು ಅವನ ಕಡೆಯವರು ಬಿಟ್ಟುಹೋದರು. ಹೆಣಗಳನ್ನು ಹುಡುಕುತ್ತ ಬಂದ ರಷ್ಯನ್ ಸೈನಿಕರು ಅವನ ಮೈಮೇಲಿನ ಅಧಿಕಾರಿಯ ಉಡುಪನ್ನು ಕಂಡು, ಇವನಿಂದ ಏನಾದರೂ ಸಮಾಚಾರ ಹೊರಟೀತೆಂದು ಎತ್ತಿಕೊಂಡು ಹೋದರು. ಉಡುಪಿನಿಂದ ಉಳಿದ ಪ್ರಾಣವದು. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ.

ಅಲ್ಲಿಂದ ಸೆರೆಯಾಳುಗಳ ನಡಿಗೆ ಮೊದಲಾಯಿತು. ಹಿಮ ಮುಚ್ಚಿದ ಬಯಲುಗಳ ಮೇಲೆ, ಹರಕು ಉಡುಪಿನಲ್ಲಿ, ಅರೆಹೊಟ್ಟೆಯಲ್ಲಿ, ಸುಮಾರು ನಾಲ್ಕು ತಿಂಗಳು. ದಾರಿಯಲ್ಲಿ ಬಿದ್ದವರು ಬಿದ್ದಲ್ಲಿಯೇ ಉಳಿದರು. 1813ರ ಮಾರ್ಚಿನಲ್ಲಿ ವೋಲ್ಗಾ ನದಿಯ ದಡದ ಸರಾತೊವ್ ಎಂಬ ಊರನ್ನು ಮುಟ್ಟಿದಾಗ ಪೋನ್ಸ್ಲೆ ಬಳಲಿ ಬೆಂಡಾಗಿದ್ದನು. ವಸಂತದ ಬಿಸಿಲು ಮೈಗೆ ತಾಗಿದ ಮೇಲೆ ಎದ್ದು ಕುಳಿತನು. ಎದ್ದು ಕುಳಿತವನಿಗೆ ಮಾಡಲು ಏನೂ ಇರಲಿಲ್ಲ. ಪುಸ್ತಕವಿಲ್ಲ, ಗುರುವಿಲ್ಲ, ಎಂದು ಬಿಡುಗಡೆಯೆಂಬುದು ಗೊತ್ತಿಲ್ಲ. ಕಲಿತದ್ದನ್ನು ನೆನಪಿನಿಂದ ಮತ್ತೆ ಕಟ್ಟಲು ತೊಡಗಿದನು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಲಾಪ್ಲಾಸ್ ಮೊದಲಾದವರ ಉನ್ನತ ಗಣಿತದಲ್ಲಿ ಬಹುಭಾಗ ಅವನಿಗೆ ಮರೆತುಹೋಗಿತ್ತು. ಉಳಿದದ್ದು ಮೂಲಪಾಠಗಳು. ಆ ಮೂಲಪಾಠಗಳಿಂದ ಹೊರಟು ಒಂದೊಂದಾಗಿ ಮೇಲಕ್ಕೆ ಕಟ್ಟುತ್ತ ಹೋದವನು, ಯಾವ ಹಂತದಲ್ಲಿ ನೆನಪು ಮುಗಿದು ಶೋಧನೆ ಮೊದಲಾಯಿತೆಂದು ತನಗೇ ಗುರುತು ಹತ್ತದಂತೆ, ಯಾವ ಪುಸ್ತಕದಲ್ಲಿಯೂ ಇಲ್ಲದ ಫಲಿತಾಂಶಗಳನ್ನು ಬರೆಯತೊಡಗಿದನು. ಹೀಗೆ ಏಳು ಹಸ್ತಪುಸ್ತಕಗಳು ತುಂಬಿದವು. ಕೊನೆಯಿಲ್ಲದ ಹುಲ್ಲುಬಯಲಿನ ಸುತ್ತ ಗೆರೆ ಎಳೆದಂತಿರುವ ದಿಗಂತವೇ ಸೆರೆಯಾಳಿಗೆ ಅನಂತವನ್ನು ತೋರಿಸಿಕೊಟ್ಟಿತೆಂದು ಬರೆಯಲು ಕೈ ತವಕಿಸುತ್ತದೆ. ಅದು ಕಾವ್ಯವಾದೀತು, ಚರಿತ್ರೆಯಾಗಲಾರದು. ಅವನಿಗೆ ದಾರಿ ತೋರಿದ್ದು ಮೊಂಜನ ಪಾಠ.

ಅವನು ಕಂಡದ್ದೇನು? ಗಣಿತದ ಪರಿಚಯವಿಲ್ಲದವರಿಗೂ ಒಂದು ದೀಪ, ಒಂದು ತಟ್ಟೆ ಇದ್ದರೆ ಇದನ್ನು ತೋರಿಸಬಹುದು. ಎತ್ತರದ ಕಂಬದ ಮೇಲೆ ದೀಪ ಉರಿಯುತ್ತಿರಲಿ. ದುಂಡಾದ ತಟ್ಟೆಯೊಂದನ್ನು ದೀಪದೆದುರು ನಿಲುವಾಗಿ ಹಿಡಿದು, ನೆಲದ ಮೇಲೆ ಬೀಳುವ ನೆರಳಿನ ಅಂಚನ್ನು ನೋಡಿ. ತಟ್ಟೆ ಪೂರ್ತಿಯಾಗಿ ಕುಡಿಗಿಂತ ಕೆಳಗಿದ್ದರೆ ನೆರಳು ಮೊಟ್ಟೆಯಾಕಾರದ ಮುಚ್ಚಿದ ವಕ್ರ, ಅದೇ ದೀರ್ಘವೃತ್ತ. ತಟ್ಟೆಯನ್ನು ಮೆಲ್ಲನೆ ಮೇಲೆತ್ತಿದರೆ ನೆರಳು ಉದ್ದವಾಗುತ್ತ ಹೋಗುತ್ತದೆ. ತಟ್ಟೆಯ ನೆತ್ತಿ ದೀಪದ ಕುಡಿಯ ಎತ್ತರಕ್ಕೆ ಬಂದ ಕ್ಷಣದಲ್ಲಿ ನೆರಳಿನ ದೂರದ ತುದಿ ಬಿಚ್ಚಿಕೊಳ್ಳುತ್ತದೆ, ಅದು ಪರವಲಯ. ಇನ್ನೂ ಮೇಲೆತ್ತಿದರೆ ನೆರಳು ಅಗಲವಾಗಿ ತೆರೆದ ಅತಿಪರವಲಯವಾಗುತ್ತದೆ. ಕುಡಿಗಿಂತ ಮೇಲಿರುವ ಅಂಚಿನ ಭಾಗದಿಂದ ಗೆರೆಗಳನ್ನು ಕುಡಿಯ ಮೂಲಕ ಹಿಂದಕ್ಕೆ ಎಳೆದರೆ, ದೀಪದ ಆಚೆಯ ನೆಲದ ಮೇಲೆ ಅದೇ ವಕ್ರದ ಎರಡನೆಯ ಕವಲು ಸಿಕ್ಕುತ್ತದೆ.

ತಟ್ಟೆ ಒಂದೇ, ಬದಲಾದದ್ದು ನೆರಳು ಮಾತ್ರ. ಹಾಗಾದರೆ ದೀಪದ ಮಟ್ಟಕ್ಕೆ ಸರಿಯಾಗಿ ಬಂದ ನೆತ್ತಿಯ ಚುಕ್ಕೆಯ ನೆರಳು ಎಲ್ಲಿ? ಅಲ್ಲಿಂದ ಹೊರಟ ಕಿರಣ ನೆಲಕ್ಕೆ ಸಮಾಂತರವಾಗಿದೆ. ನೆಲವನ್ನು ಎಂದೂ ಮುಟ್ಟದು. ಹಳೆಯ ರೇಖಾಗಣಿತದಲ್ಲಿ ಆ ಒಂದು ಚುಕ್ಕೆಗೆ ನೆರಳಿಲ್ಲ. ಅದಕ್ಕೂ ನೆರಳಿದೆ, ಅದು ನೆಲದ ಅನಂತಬಿಂದು ಎಂದು ಒಪ್ಪಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ. ತಟ್ಟೆಯ ಅಂಚಿನಲ್ಲಿರುವ ಚುಕ್ಕೆಗಳಷ್ಟೂ ನೆರಳಿನಲ್ಲಿವೆ. ಮೂರು ವಕ್ರಗಳೂ ಒಂದೇ ವೃತ್ತದ ಮೂರು ವೇಷಗಳು. ಅನಂತಬಿಂದುಗಳೆಲ್ಲವೂ ಸೇರಿ ಒಂದೇ ಒಂದು ಸರಳರೇಖೆಯಾಗುತ್ತವೆ ಎಂಬುದು ಪೋನ್ಸ್ಲೆ ಇಟ್ಟ ದಿಟ್ಟ ಹೆಜ್ಜೆ. ಚಿತ್ರಕಾರನು ಎಳೆಯುವ ದಿಗಂತದ ಗೆರೆ ಆ ರೇಖೆಯ ಬಿಂಬವಲ್ಲದೆ ಬೇರಲ್ಲ. ದೀರ್ಘವೃತ್ತ ಆ ಅನಂತರೇಖೆಯನ್ನು ಮುಟ್ಟದೆ ಇತ್ತಲೇ ಉಳಿಯುತ್ತದೆ. ಪರವಲಯ ಅದನ್ನು ಒಂದೆಡೆ ಸ್ಪರ್ಶಿಸುತ್ತದೆ. ಅತಿಪರವಲಯ ಎರಡೆಡೆ ಕತ್ತರಿಸುತ್ತದೆ. ಬೇರೆ ಬೇರೆ ಅಧ್ಯಾಯಗಳಲ್ಲಿ ಬೇರೆ ಬೇರೆ ಸೂತ್ರಗಳಾಗಿ ಕಲಿತ ವಿಷಯ ಒಂದೇ ವಾಕ್ಯದಲ್ಲಿ ಅಡಗಿತು.

ಪೋನ್ಸ್ಲೆ ಅಲ್ಲಿಗೆ ನಿಲ್ಲಲಿಲ್ಲ. ಎರಡು ದೀರ್ಘವೃತ್ತಗಳು ಒಂದನ್ನೊಂದು ನಾಲ್ಕು ಕಡೆ ಕತ್ತರಿಸಬಲ್ಲವು. ಎರಡು ವೃತ್ತಗಳಾದರೋ ಎರಡು ಕಡೆಗಿಂತ ಹೆಚ್ಚಾಗಿ ಕತ್ತರಿಸಲಾರವು. ವೃತ್ತವೂ ದೀರ್ಘವೃತ್ತಗಳ ಕುಲದ್ದೇ ಆದ ಮೇಲೆ ಉಳಿದೆರಡು ಬಿಂದುಗಳು ಎಲ್ಲಿಗೆ ಹೋದವು? ಅವು ಅನಂತರೇಖೆಯ ಮೇಲೆ ಕಾಲ್ಪನಿಕ ಬಿಂದುಗಳಾಗಿ ಕುಳಿತಿವೆ, ಜಗತ್ತಿನ ಸಮತಲದ ವೃತ್ತಗಳೆಲ್ಲವೂ ಅದೇ ಎರಡು ಬಿಂದುಗಳ ಮೂಲಕ ಹಾಯುತ್ತವೆ ಎಂಬುದು ಅವನ ಉತ್ತರ. ಕಣ್ಣಿಗೆ ಕಾಣದ್ದು ಮಾತ್ರವಲ್ಲ, ಕಾಣಲು ಸಾಧ್ಯವೇ ಇಲ್ಲದ್ದು! ಮೊದಲ ಸಲ ಓದಿದಾಗ ನನ್ನಂಥ ಸಾಹಿತ್ಯದ ವಿದ್ಯಾರ್ಥಿಗೆ ಇದು ಗಣಿತವೋ ಪುರಾಣವೋ ಎಂಬ ಸಂದೇಹ ಬಂದದ್ದುಂಟು. ಇಂಥ ಮಾತಿಗೆ ಅವನು ಆಧಾರವಾಗಿಟ್ಟುಕೊಂಡದ್ದು ತಾನೇ ಸಾತತ್ಯವೆಂದು ಕರೆದ ತತ್ತ್ವ. ಆಕೃತಿಯೊಂದು ಒಂದು ಸ್ಥಿತಿಯಲ್ಲಿರುವಾಗ ನಿಜವಾದ ಸಂಬಂಧವು, ಅದೇ ಆಕೃತಿ ಕ್ರಮಕ್ರಮವಾಗಿ ಬದಲಾಗಿ ಮತ್ತೊಂದು ಸ್ಥಿತಿಗೆ ಬಂದಾಗಲೂ ನಿಜವಾಗಿಯೇ ಉಳಿಯುತ್ತದೆ. ನಡುವೆ ಕೆಲವು ಬಿಂದುಗಳು ಅನಂತಕ್ಕೆ ಸರಿದರೂ ಕಾಲ್ಪನಿಕವಾದರೂ ಸಂಬಂಧ ಹರಿಯುವುದಿಲ್ಲ. ಪರಸ್ಪರ ಕತ್ತರಿಸುವ ವೃತ್ತಗಳನ್ನು ದೂರ ಸರಿಸಿದರೆ ಸಂಧಿಬಿಂದುಗಳು ಮಾಯವಾಗುತ್ತವೆ. ಆದರೆ ಅವುಗಳನ್ನು ಕೂಡಿಸಿದ್ದ ಗೆರೆ ತನ್ನ ಗುಣವನ್ನು ಬಿಡದೆ ಅಲ್ಲಿಯೇ ನಿಲ್ಲುತ್ತದೆಯಲ್ಲ ಎಂಬುದು ಅವನ ವಾದ.

ಅನಂತಬಿಂದುವಿನ ಮಾತನ್ನು ಅವನಿಗಿಂತ ಮೊದಲೇ ಆಡಿದವರಿದ್ದರೆಂಬುದನ್ನು ಮರೆಮಾಡಬಾರದು. 1604ರಲ್ಲಿ ಜ್ಯೋತಿಷಿ ಕೆಪ್ಲರನು ದೃಗ್ವಿಜ್ಞಾನದ ತನ್ನ ಗ್ರಂಥದಲ್ಲಿ ಪರವಲಯದ ಎರಡನೆಯ ನಾಭಿ ಅನಂತದಲ್ಲಿದೆಯೆಂದು ಬರೆದಿದ್ದನು. 1639ರಲ್ಲಿ ಲಿಯೋನ್ ನಗರದವನಾದ ಝಿರಾರ್ ದೆಸಾರ್ಗನು ಸಮಾಂತರ ರೇಖೆಗಳು ಅನಂತದೂರದ ಬಿಂದುವಿನಲ್ಲಿ ಕೂಡುತ್ತವೆಂದೇ ಹಿಡಿದು, ಶಂಕುವನ್ನು ಕತ್ತರಿಸಿ ಬರುವ ಈ ವಕ್ರಗಳ ಮೇಲೆ ಒಂದು ಸಣ್ಣ ಪುಸ್ತಕವನ್ನು ಐವತ್ತೇ ಪ್ರತಿಗಳಲ್ಲಿ ಅಚ್ಚುಹಾಕಿಸಿ ಗೆಳೆಯರಿಗೆ ಹಂಚಿದನು. ಅದರ ಪರಿಭಾಷೆಯೆಲ್ಲ ಮರ, ಬೊಡ್ಡೆ, ಕೊಂಬೆ ಎಂದು ತೋಟಗಾರನ ಮಾತಿನಲ್ಲಿದ್ದು ಓದುವವರಿಗೆ ಕಬ್ಬಿಣದ ಕಡಲೆಯಾಗಿತ್ತು. ಹದಿನಾರು ವರ್ಷದ ಪಾಸ್ಕಲ್ ಅದನ್ನು ಅರಗಿಸಿಕೊಂಡನು, ಉಳಿದವರು ಮರೆತರು. ಪೋನ್ಸ್ಲೆಯ ಕಾಲಕ್ಕೆ ಆ ಐವತ್ತರಲ್ಲಿ ಒಂದು ಪ್ರತಿಯೂ ಯಾರ ಕೈಗೂ ಸಿಕ್ಕುವಂತಿರಲಿಲ್ಲ. ಎರಡು ಶತಮಾನಗಳ ಹಿಂದೆ ಒಬ್ಬನು ನಡೆದು ಹುಲ್ಲು ಮುಚ್ಚಿದ್ದ ದಾರಿಯನ್ನು ಸರಾತೊವದಲ್ಲಿ ಇನ್ನೊಬ್ಬನು ಮತ್ತೆ ಕಡಿದನು.

1814ರ ಜೂನಿನಲ್ಲಿ ಸೆರೆ ಬಿಟ್ಟಿತು. ಸೆಪ್ಟೆಂಬರಿನಲ್ಲಿ ಪೋನ್ಸ್ಲೆ ಮೆಟ್ಸ್ ಸೇರಿದನು. ಹಸ್ತಪುಸ್ತಕಗಳೊಡನೆ ರಷ್ಯದ ಅಂಗಡಿಗಳಲ್ಲಿ ಲೆಕ್ಕಕ್ಕೆ ಬಳಸುವ ಮಣಿಚೌಕಟ್ಟಿನ ತಿಳಿವಳಿಕೆಯನ್ನೂ ತಂದನು. ಮೆಟ್ಸಿನ ಶಾಲಾಮಕ್ಕಳು ಎಣಿಕೆ ಕಲಿಯಲು ಆ ಮಣಿಗಳನ್ನು ಬಳಸತೊಡಗಿದರು. ಅಲ್ಲಿಂದ ಅದು ಫ್ರಾನ್ಸಿನ ಬೇರೆ ಶಾಲೆಗಳಿಗೂ ಹರಡಿತು. ಸೈನ್ಯದ ಕ್ಯಾಪ್ಟನ್ನನಾಗಿ ಕೋಟೆ, ಸೇತುವೆಗಳ ಕೆಲಸ ಮಾಡುತ್ತ, ಬಿಡುವಿನ ಹೊತ್ತಿನಲ್ಲಿ ಸೆರೆಮನೆಯ ಬರಹವನ್ನು ತಿದ್ದಿ ಬೆಳೆಸುತ್ತ ಬಂದನು.

1820ರಲ್ಲಿ ಅದರ ಒಂದು ಭಾಗವನ್ನು ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದನು. ಪರೀಕ್ಷಕರ ಪರವಾಗಿ ವರದಿ ಬರೆದವನು ಓಗುಸ್ತಾಂ ಕೋಶಿ. ಗಣಿತದ ಸಡಿಲು ಮಾತುಗಳನ್ನು ಹಿಡಿದು ಬಿಗಿಮಾಡಿದವರಲ್ಲಿ ಅವನಷ್ಟು ದೊಡ್ಡವರು ಕಡಮೆ. ಇನ್ನೊಂದು ಸಂಗತಿಯೂ ಉಂಟು. ನೆಪೋಲಿಯನ್ ಬಿದ್ದು ಹಳೆಯ ರಾಜವಂಶ ಮರಳಿದಾಗ, 1816ರಲ್ಲಿ, ಅವನ ಆಪ್ತನಾಗಿದ್ದ ವೃದ್ಧ ಮೊಂಜನನ್ನು ಅಕಾಡೆಮಿಯಿಂದ ಹೊರಹಾಕಿ, ಆ ಪೀಠಕ್ಕೆ ಸರ್ಕಾರ ನೇಮಿಸಿದ್ದು ಕೋಶಿಯನ್ನೇ. ಗುರುವಿನ ಪೀಠದಲ್ಲಿ ಕುಳಿತವನ ಮುಂದೆ ಶಿಷ್ಯನ ಗ್ರಂಥ ಬಂದಿತ್ತು. ಕೋಶಿ ದ್ವೇಷದಿಂದ ಬರೆದನೆಂದು ನಾನು ಹೇಳಲಾರೆ. ಫಲಿತಾಂಶಗಳನ್ನು ಅವನು ಮೆಚ್ಚಿದನು. ಆದರೆ ಸಾತತ್ಯ ತತ್ತ್ವವು ಧೈರ್ಯದ ಒಂದು ಊಹೆಯೇ ಹೊರತು ಸಾಧನೆಯಲ್ಲ, ಎಚ್ಚರ ತಪ್ಪಿದರೆ ತಪ್ಪಿಗೆ ಎಳೆಯಬಹುದು ಎಂದು ಸ್ಪಷ್ಟವಾಗಿ ಬರೆದನು. ವರದಿಯ ಹೊತ್ತಿನಲ್ಲಿ ಪೋನ್ಸ್ಲೆ ಕೋಶಿಯ ಮನೆಯ ಮುಂದೆ ಕಾದುನಿಂತು, ಹೊರಟವನ ಜೊತೆ ಬೀದಿಯಲ್ಲಿ ಹೆಜ್ಜೆ ಹಾಕುತ್ತ ತನ್ನ ವಾದವನ್ನು ಮನಗಾಣಿಸಲು ನೋಡಿದನು. ಕೋಶಿ ಅವಸರದ ಎರಡು ಮಾತಾಡಿ ನಡೆದುಬಿಟ್ಟನು. ನಾಲ್ಕು ದಶಕಗಳ ಮೇಲೆಯೂ ಆ ಬೀದಿಯ ಗಾಯ ಮಾಯದೆ, ಮುದುಕನಾದ ಪೋನ್ಸ್ಲೆ ಅದನ್ನು ವಿವರವಾಗಿ ಬರೆದಿಟ್ಟನು.

ಆದರೂ ಹಿಮ್ಮೆಟ್ಟಲಿಲ್ಲ. 1822ರಲ್ಲಿ ಆಕೃತಿಗಳ ಪ್ರಕ್ಷೇಪಗುಣಗಳನ್ನು ಕುರಿತ ಅವನ ಮಹಾಗ್ರಂಥ ಹೊರಬಂದಿತು. ಪ್ರಕ್ಷೇಪ ರೇಖಾಗಣಿತವೆಂಬ ಶಾಸ್ತ್ರ ತನ್ನ ವಯಸ್ಸನ್ನು ಎಣಿಸುವುದು ಆ ಪುಸ್ತಕದಿಂದ. ಇದು ರಷ್ಯದ ಸೆರೆಯಲ್ಲಿ 1813ರ ವಸಂತದಲ್ಲಿ ತೊಡಗಿದ ಕೆಲಸದ ಫಲ, ಪುಸ್ತಕಗಳ ನೆರವಿಲ್ಲದೆ, ದೇಶದ ಮತ್ತು ತನ್ನ ದುಃಖದ ನಡುವೆ ಹುಟ್ಟಿದ್ದರಿಂದ ಕುಂದುಗಳಿರಬಹುದು ಎಂದು ಮುನ್ನುಡಿಯಲ್ಲಿ ವಿನಯದಿಂದ ಅರಿಕೆ ಮಾಡಿಕೊಂಡಿದ್ದಾನೆ. ಮರೆತುಹೋಗಿದ್ದ ದೆಸಾರ್ಗನ ಹೆಸರನ್ನು ಅಲ್ಲಿ ಗೌರವದಿಂದ ನೆನೆದಿರುವುದು ಅವನ ದೊಡ್ಡತನ.

ಎರಡನೆಯ ಪೆಟ್ಟು ಮತ್ತೊಂದು ದಿಕ್ಕಿನಿಂದ ಬಂದಿತು. ಬಿಂದು ಇದ್ದೆಡೆ ರೇಖೆಯನ್ನೂ ರೇಖೆ ಇದ್ದೆಡೆ ಬಿಂದುವನ್ನೂ ಇಟ್ಟರೆ ಒಂದು ಪ್ರಮೇಯದಿಂದ ಇನ್ನೊಂದು ತಾನಾಗಿ ಹುಟ್ಟುತ್ತದೆಂಬ ದ್ವಂದ್ವತತ್ತ್ವ ಆಗಷ್ಟೇ ರೂಪುಗೊಳ್ಳುತ್ತಿತ್ತು. (ನಮ್ಮ ಆಚಾರ್ಯರ ದ್ವೈತಕ್ಕೂ ಇದಕ್ಕೂ ನಂಟಿಲ್ಲ.) ಎರಡು ಬಿಂದುಗಳು ಒಂದು ರೇಖೆಯನ್ನು ನಿಶ್ಚಯಿಸುವಂತೆ ಎರಡು ರೇಖೆಗಳು ಯಾವಾಗಲೂ ಒಂದು ಬಿಂದುವನ್ನು ನಿಶ್ಚಯಿಸಬೇಕು, ಸಮಾಂತರ ರೇಖೆಗಳನ್ನು ಹೊರಗಿಟ್ಟರೆ ಈ ಸಾಮ್ಯ ನಿಲ್ಲದು. ಅನಂತಬಿಂದುವಿನ ಪ್ರಯೋಜನ ಇಲ್ಲಿ ಕೈಗೆ ಸಿಕ್ಕುವಷ್ಟು ಸ್ಪಷ್ಟ. ಪೋನ್ಸ್ಲೆ 1824ರಲ್ಲಿಯೇ ಇದಕ್ಕೆ ಸಂಬಂಧಿಸಿದ ಪ್ರಬಂಧವನ್ನು ಅಕಾಡೆಮಿಗೆ ಕೊಟ್ಟಿದ್ದನು. ಕೋಶಿಯ ವರದಿ ಬಂದದ್ದು 1828ರಲ್ಲಿ. ಅಷ್ಟರಲ್ಲಿ, 1826ರಲ್ಲಿ, ಜೆರ್ಗೋನ್ ಎಂಬ ಗಣಿತಜ್ಞನು ತನ್ನದೇ ಪತ್ರಿಕೆಯಲ್ಲಿ ದ್ವಂದ್ವತತ್ತ್ವವನ್ನು ಸಾರ್ವತ್ರಿಕ ನಿಯಮವಾಗಿ ಪ್ರಕಟಿಸಿಬಿಟ್ಟನು. ಮೊದಲಿಗನಾರೆಂಬ ಜಗಳ ಕಹಿಯಾಗಿ ಬೆಳೆಯಿತು. ಇಬ್ಬರೂ ಕಂಡದ್ದು ಒಂದೇ ವಸ್ತುವಿನ ಎರಡು ಮುಖಗಳೆಂದು ಇಂದು ಹೇಳುವುದು ಸುಲಭ.

ಈ ನಡುವೆ ಪೋನ್ಸ್ಲೆ ಮೆಲ್ಲನೆ ರೇಖಾಗಣಿತದಿಂದ ಸರಿದು ಯಂತ್ರಶಾಸ್ತ್ರಕ್ಕೆ ಬಂದಿದ್ದನು. ಮೆಟ್ಸಿನ ಸೈನಿಕ ಶಾಲೆಯಲ್ಲಿ ಆ ವಿಷಯದ ಪ್ರಾಧ್ಯಾಪಕತ್ವ ದೊರೆತಿತ್ತು. ಹೊಳೆಯ ಪ್ರವಾಹ ಕೆಳಗಿನಿಂದ ತಳ್ಳಿ ತಿರುಗಿಸುವ ನೀರಿನ ಚಕ್ರಕ್ಕೆ ಚಪ್ಪಟೆ ಹಲಗೆಗಳ ಬದಲು ಬಾಗಿದ ಹಲಗೆಗಳನ್ನು ಜೋಡಿಸಿ, ನೀರು ಬಡಿಯದೆ ಒಳಗೆ ನುಸುಳಿ, ತನ್ನ ವೇಗವನ್ನೆಲ್ಲ ಚಕ್ರಕ್ಕೆ ಕೊಟ್ಟು ಹೊರಬೀಳುವಂತೆ ಮಾಡಿದನು. ಅದರಿಂದ ಚಕ್ರದ ಕೆಲಸ ಹತ್ತಿರ ಹತ್ತಿರ ಇಮ್ಮಡಿಯಾಯಿತು. 1825ರಲ್ಲಿ ಅಕಾಡೆಮಿಯ ಬಹುಮಾನವೂ ಬಂದಿತು. ಅನಂತವನ್ನು ನಂಬಿದ್ದಕ್ಕೆ ಶಂಕೆ, ನೀರಿನ ಚಕ್ರಕ್ಕೆ ಬಹುಮಾನ! 1827ರಿಂದ ಮೆಟ್ಸಿನ ಕಮ್ಮಾರ ಬಡಗಿಗಳಿಗೆ, ಕಾರ್ಖಾನೆಯ ಕೆಲಸಗಾರರಿಗೆ ಸಂಜೆಯ ವೇಳೆ ಯಂತ್ರಶಾಸ್ತ್ರದ ಪಾಠ ಹೇಳಿದನು. ಬಲ ಮತ್ತು ದೂರಗಳ ಗುಣಲಬ್ಧಕ್ಕೆ 'ಕೆಲಸ' ಎಂಬ ಹೆಸರು ಭೌತಶಾಸ್ತ್ರದಲ್ಲಿ ನೆಲೆನಿಂತದ್ದು ಕೋರಿಯೋಲಿಸ್ ಮತ್ತು ಪೋನ್ಸ್ಲೆ ಇಬ್ಬರಿಂದ. ಆಮೇಲಿನದು ಬಿರುದುಬಾವಲಿಗಳ ಪಟ್ಟಿ: 1834ರಲ್ಲಿ ಅಕಾಡೆಮಿಯ ಸದಸ್ಯತ್ವ, 1838ರಲ್ಲಿ ಪ್ಯಾರಿಸಿನಲ್ಲಿ ಪ್ರಾಧ್ಯಾಪಕ ಪೀಠ, 1848ರ ಕ್ರಾಂತಿಯ ವರ್ಷದಲ್ಲಿ ಜನರಲ್ ಪದವಿ ಮತ್ತು ತಾನು ಓದಿದ ಪಾಲಿಟೆಕ್ನಿಕ್ಕಿಗೇ ಅಧಿಪತ್ಯ.

ಅವನು ಬಿಟ್ಟುಬಂದ ಹೊಲವನ್ನು ಉತ್ತು ಬಿತ್ತಿದವರು ಜರ್ಮನರು. ಸ್ಟೈನರ್, ಮೋಬಿಯಸ್, ಪ್ಲೂಕರ್ ಒಬ್ಬರ ಮೇಲೊಬ್ಬರು ಬಂದರು. ಮೋಬಿಯಸನು 1827ರಲ್ಲಿ, ಪ್ಲೂಕರನು ಅವನ ಬೆನ್ನಿಗೇ, ಅನಂತಬಿಂದುವನ್ನೂ ಉಳಿದ ಬಿಂದುಗಳಂತೆಯೇ ಅಂಕಿಗಳಿಂದ ಗುರುತಿಸುವ ಬೀಜಗಣಿತದ ವಿಧಾನವನ್ನು ಕೊಟ್ಟರು. ಆಗ ಪೋನ್ಸ್ಲೆ ಊಹಿಸಿದ ಕಾಲ್ಪನಿಕ ಬಿಂದುಗಳೂ ಸಮೀಕರಣಗಳ ಮೂಲಗಳಾಗಿ ಸಂದೇಹಕ್ಕೆ ಎಡೆಯಿಲ್ಲದಂತೆ ಹೊರಬಿದ್ದವು. ಹಾಗಾದರೆ ಕೋಶಿ ಕೇಳಿದ ಪ್ರಶ್ನೆ ನ್ಯಾಯವಾದದ್ದೇ; ಪೋನ್ಸ್ಲೆ ಕಂಡ ಸತ್ಯವೂ ಸತ್ಯವೇ. ಸಾಧನೆ ಮಾತ್ರ ಅವನು ಒಲ್ಲದ ಬೀಜಗಣಿತದ ಬಾಗಿಲಿನಿಂದ ಬಂದಿತು. ಅಳತೆಯ, ಅಂಕಿಯ ಹಂಗಿಲ್ಲದೆ ಶುದ್ಧ ರೇಖಾಗಣಿತದಲ್ಲಿಯೇ ಇದನ್ನು ಕಟ್ಟಿ ತೋರಿಸುವುದಕ್ಕೆ 1847ರಲ್ಲಿ ಫಾನ್ ಷ್ಟೌಟ್ ಬರಬೇಕಾಯಿತು.

ನೌಕರಿಯಿಂದ ನಿವೃತ್ತನಾದ ಪೋನ್ಸ್ಲೆ ಮತ್ತೆ ತನ್ನ ಮೊದಲ ಪ್ರೇಮಕ್ಕೆ ಮರಳಿದನು. ಅರ್ಧ ಶತಮಾನ ಜೋಪಾನ ಮಾಡಿದ್ದ ಸರಾತೊವದ ಹಸ್ತಪುಸ್ತಕಗಳನ್ನು 1862ರಲ್ಲಿ ಅಚ್ಚಿಗೆ ಕೊಟ್ಟನು. ಎರಡನೆಯ ಸಂಪುಟ 1864ರಲ್ಲಿ ಬಂದಿತು. ತಾನೇ ಮೊದಲಿಗನೆಂದು ಲೋಕಕ್ಕೆ ತೋರಿಸುವ ಹಟ ಅದರ ಹಿಂದೆ ಇದ್ದದ್ದು ನಿಜ. ಆದರೆ ಆ ಪುಟಗಳು ಇನ್ನೊಂದನ್ನೂ ಹೊರಗೆಡಹಿದವು. ಒಂದು ಶಂಕುಚ್ಛೇದದೊಳಗೆ ಬರೆದು ಮತ್ತೊಂದಕ್ಕೆ ಸುತ್ತ ಸ್ಪರ್ಶಿಸುವ ಬಹುಭುಜವು ಒಂದು ಬಿಂದುವಿನಿಂದ ಹೊರಟು ಮುಚ್ಚಿಕೊಂಡರೆ ಯಾವ ಬಿಂದುವಿನಿಂದ ಹೊರಟರೂ ಮುಚ್ಚಿಕೊಳ್ಳುತ್ತದೆಂಬ, ಇಂದಿಗೂ ಅವನ ಹೆಸರಿನಲ್ಲಿಯೇ ನಡೆಯುವ ಪ್ರಮೇಯವನ್ನು ಸೆರೆಯಲ್ಲಿ ಅವನು ಸಾಧಿಸಿದ್ದು ಸಮೀಕರಣಗಳಿಂದ. ಮುಂದೆ ಯಾವ ಬೀಜಗಣಿತವನ್ನು ದೂರವಿಟ್ಟನೋ ಅದೇ ಸರಾತೊವದಲ್ಲಿ ಅವನ ಊರುಗೋಲಾಗಿತ್ತು. ಅದನ್ನೂ ಅಳಿಸದೆ ಅಚ್ಚು ಮಾಡಿಸಿದನೆಂಬುದನ್ನು ಹೇಳಲೇಬೇಕು.

ದೆಸಾರ್ಗನ ಕಳೆದುಹೋದ ಪುಸ್ತಕದ ಕೈಬರಹದ ಪ್ರತಿಯೊಂದು 1845ರಲ್ಲಿ ಮಿಶೆಲ್ ಶಾಲ್ ಎಂಬ ಗಣಿತಜ್ಞನಿಗೆ ಸಿಕ್ಕಿತು. 17ನೆಯ ಶತಮಾನದಲ್ಲಿ ಲಾ ಹೀರ್ ಎಂಬುವನು ತನಗಾಗಿ ಬರೆದುಕೊಂಡಿದ್ದ ನಕಲು ಅದು. ಅದರ ಆಧಾರದ ಮೇಲೆ ಆ ಗ್ರಂಥ ಮತ್ತೆ ಅಚ್ಚಾದದ್ದು 1864ರಲ್ಲಿ, ಸೆರೆಮನೆಯ ಬರಹದ ಎರಡನೆಯ ಸಂಪುಟ ಹೊರಬಂದ ವರ್ಷದಲ್ಲಿಯೇ. ಆಗ ಪೋನ್ಸ್ಲೆಗೆ ಎಪ್ಪತ್ತಾರು. 1822ರ ಗ್ರಂಥವನ್ನೂ ತಿದ್ದಿ ಎರಡು ಸಂಪುಟಗಳಲ್ಲಿ ಮತ್ತೆ ಹೊರಡಿಸಿದ ಮೇಲೆ, 1867ರ ಡಿಸೆಂಬರ್ 22ರಂದು ಪ್ಯಾರಿಸಿನಲ್ಲಿ ತೀರಿಕೊಂಡನು. ದೆಸಾರ್ಗನ ಐವತ್ತು ಪ್ರತಿಗಳಲ್ಲಿ ಒಂದು ಅದೇ ನಗರದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಬೆಳಕಿಗೆ ಬಂದದ್ದು 1950ರ ಸುಮಾರಿಗೆ.